ತಾತನ ತೊಡೆಯ ಮೇಲಿನ ಫೋಟೋ

ನಿಮ್ಮ ತಾತನ ಫೋನಿನಲ್ಲಿ ಸಾವಿರಾರು ಫೋಟೋಗಳಿದ್ದವು. ಕಗ್ಗದಾಸಪುರದ ಕೆರೆ, ನಮ್ಮ ರಾಗಿ ಹೊಲವಿದ್ದ ಕಡೆ ಎದ್ದಿರುವ ಬಾಡಿಗೆ ಮನೆಗಳು, ಕರೆಂಟು ಮೀಟರುಗಳು, ನಡುನಡುವೆ ಮೊಮ್ಮಕ್ಕಳಾದ ನೀವು. ಅವರು ಹೋದ ಮೇಲೆ ಆ ಫೋನು ಮುಟ್ಟಲೂ ನನಗೆ ಸಂಕೋಚ. ಮಹಡಿಯಲ್ಲಿ ಬಾಡಿಗೆಗಿರುವ ರಾಯಚೂರಿನ ಹೆಂಗಸು ಶಿವಾಜಿನಗರದ ಸ್ಟುಡಿಯೋ ಒಂದರಲ್ಲಿ ಮದುವೆ ಆಲ್ಬಮ್ ಜೋಡಿಸುತ್ತಾಳೆ. ಫೋಟೋ ಸರಿಮಾಡುವುದನ್ನು, ವಿಂಗಡಿಸುವುದನ್ನು ಅವಳೇ ಕಲಿಸಿದಳು.

ಒಂದು ಮುಖದ ಮೇಲೆ ಬೆರಳಿಟ್ಟರೆ ಸಾಕು, ಆ ಮುಖವಿರುವ ಚಿತ್ರಗಳನ್ನೆಲ್ಲ ಫೋನು ಹೆಕ್ಕಿ ತರುತ್ತಿತ್ತು. ಹಲ್ಲು ಬರದ ನಮ್ಮ ದೊಡ್ಡ ಮೊಮ್ಮಗನೂ ಮೀಸೆ ಚಿಗುರಿದ ದೊಡ್ಡವನೂ ಒಬ್ಬನೇ ಎಂದು ಅದಕ್ಕೆ ಹೇಳಿಕೊಟ್ಟವರು ಯಾರೋ!

ಧೈರ್ಯ ಬಂದು ನಾನೇ ಎರಡು ಫೋಲ್ಡರ್ ಮಾಡಿದೆ. ತೀರಿಕೊಂಡವರದ್ದು ಒಂದು, ಬದುಕಿರುವವರದ್ದು ಒಂದು. ಹಾರ ಹಾಕಿದ ಫೋಟೋಗಳ ಸಾಲಿನಲ್ಲಿ ಬದುಕಿರುವವರನ್ನು ನಾವು ಇಡುವುದಿಲ್ಲವಲ್ಲ. ಎರಡೂ ಕಡೆಯವರು ಇರುವ ಚಿತ್ರ ಬಂದರೆ ಕತ್ತರಿಸುತ್ತಿದ್ದೆ.

ಚಿಕ್ಕವಳೇ, ನಿನಗೆ ಮೊದಲ ಅನ್ನ ತಿನ್ನಿಸಿದ ದಿನ ನೀನು ತಾತನ ತೊಡೆಯ ಮೇಲೆ ಕೂತಿದ್ದ ಚಿತ್ರ ಅದೊಂದೇ ಇದ್ದದ್ದು. ನಿನಗೆ ಕೆಡುಕಾಗದಿರಲಿ ಎಂದು ನಿನ್ನನ್ನು ಹೊರಗೆ ಬಿಟ್ಟು, ‘ಉಳಿಸು’ ಒತ್ತಿಬಿಟ್ಟೆ. ಆಮೇಲೆ ನೋಡಿದರೆ ತಾತ ತಲೆ ಬಗ್ಗಿಸಿ ನಗುತ್ತಿದ್ದಾರೆ, ಅವರು ನೋಡುತ್ತಿರುವ ಕಡೆ ಯಾರೂ ಇಲ್ಲ. ಫೋನು ಹಿಡಿದುಕೊಂಡು ಮಹಡಿ ಹತ್ತಿ ಹೋದೆ.

“ಕೂಸಿನ್ನ ಯಾಕ ಕತ್ತರಿಸಿದ್ರಿ ಅವ್ವಾರ?”

“ಸತ್ತೋರ ಜೊತೆ ಇರ್ಬಾರ್ದಲ್ಲಮ್ಮ.”

ಅವಳು ಜೋರಾಗಿ ನಕ್ಕಳು. “ಹಂಗಂದ್ರ ನಾ ಮಾಡಿದ ಆಲ್ಬಮ್ ಎಲ್ಲಾ ಹರದ ಹಾಕ್ಬೇಕು ನೋಡ್ರಿ! ಮದುವಿ ಫೋಟೋದಾಗಿನ ಮುದುಕ್ರೆಲ್ಲಾ ಇನ್ನಾ ಅದಾರೇನು?”

“ನಗಬೇಡ, ಹೋಗೇಬಿಡ್ತಾ ಹೇಳು.”

“ಎಲ್ಲಿಗಿ ಹೋಗ್ತದ? ‘ಮೂಲಕ್ಕೆ ಮರಳಿಸು’ ಅಂತ ಐತಲ್ಲ, ನೀವಾ ಒತ್ರಿ.”

ಒತ್ತಿದೆ. ಚಿತ್ರ ಅಗಲವಾಯಿತು. ನಿನ್ನ ಕಾಲ್ಗೆಜ್ಜೆ, ಗಲ್ಲಕ್ಕೆ ಮೆತ್ತಿದ ಪಾಯಸ, ತಾತನ ಹೆಬ್ಬೆರಳು ಹಿಡಿದ ಕೈ, ಎಲ್ಲ ಇತ್ತು. ನಾನು ಕತ್ತರಿಸಿ ಎಸೆದೆ ಎಂದುಕೊಂಡದ್ದನ್ನು ಫೋನು ಎಸೆದೇ ಇರಲಿಲ್ಲ, ಒಳಗೇ ಮಡಚಿ ಇಟ್ಟುಕೊಂಡಿತ್ತು. ಅವಳೆದುರೇ ಫೋನಿಗೆ ಕೈಮುಗಿದೆ, ನಾಚಿಕೆಯಾಗಲಿಲ್ಲ.

ಅಂದೇ ಕೂತು ಕತ್ತರಿಸಿದ್ದನ್ನೆಲ್ಲ ಮರಳಿಸಿ, ಎರಡು ಫೋಲ್ಡರನ್ನೂ ಒಂದು ಮಾಡಿದೆ. ನಿನ್ನ ಚಿತ್ರ ಕಳಿಸಿದ್ದೇನೆ ಮಗಳೇ. ತಾತ ನಕ್ಕದ್ದು ನಿನ್ನನ್ನು ನೋಡಿ.