ಹೃದಯ ದಣಿಯುವುದಿಲ್ಲ ಎಂದ ಮಾಷ್ಟ್ರು

ಪುತ್ತೂರಿನ ಆಸ್ಪತ್ರೆಯ ಗೋಡೆಯ ಚಿತ್ರದಲ್ಲಿ ಚರ್ಮ ಸುಲಿದ ಮನುಷ್ಯನೊಬ್ಬ ನಗುತ್ತಾ ನಿಂತಿದ್ದಾನೆ. ಸ್ನಾಯು ಕೆಂಪು, ನರ ಹಳದಿ, ಎಲ್ಲವೂ ಅದರದರ ಜಾಗದಲ್ಲಿ. ಅವನೆದುರಿನ ಬೆಂಚಿನಲ್ಲಿ ನಾನು ಮತ್ತು ಸಾವಿತ್ರಿ ಅತ್ತೆ. ಪರದೆಯಾಚೆ ಅವರ ಗಂಡ, ನನ್ನ ಸೋದರಮಾವ ಕೇಶವ ಮಾಷ್ಟ್ರು, ಎದೆಗೆ ವಯರು ಅಂಟಿಸಿಕೊಂಡು ಮಲಗಿದ್ದಾರೆ. ಬೆಳಿಗ್ಗೆ ದೋಸೆ ತಿನ್ನುವಾಗ ಎದೆ ಹಿಡಿಯಿತು. "ಗ್ಯಾಸಾ ಮಾವ?" ಎಂದು ಕೇಳಿದ್ದಕ್ಕೆ, "ತಮಾಷೆ ಬಿಡು ಮಾರಾಯ, ಕಾರು ತೆಗಿ!" ಎಂದು ಕಿರುಚಿದರು.

ಆ ಮಾತು ಅವರ ಬಾಯಿಂದ ಬಂದಾಗ ನನಗಾದ ಸಂತೋಷ ನಿಮಗೆ ಅರ್ಥವಾಗಬೇಕಾದರೆ ಮಾವನ ಶರೀರಶಾಸ್ತ್ರ ಸ್ವಲ್ಪ ಗೊತ್ತಿರಬೇಕು. ಅನುಲೇಪಕ, ಸಂಯೋಜಕ, ಸ್ನಾಯು, ನರ ಎಂದು ಅಂಗಾಂಶದ ವಿಧಗಳನ್ನು ಕೆದಂಬಾಡಿ ಶಾಲೆಯ ಮಕ್ಕಳಿಗೆಲ್ಲ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದವರು ಅವರು. ನಾನೂ ಕೈ ಕಟ್ಟಿ ಒಪ್ಪಿಸಿದ್ದೇನೆ. ಅವೆಲ್ಲ ನನ್ನೊಳಗೂ ಇವೆ ಎಂದು ಮಾತ್ರ ಹೊಳೆದಿರಲಿಲ್ಲ. ಮಾವನಿಗೆ ಹೊಳೆದಿತ್ತೇ ಎಂಬುದು ಇವತ್ತಿಗೂ ಅನುಮಾನ. ಶಾಲೆಯ ಗೇಟು ದಾಟಿದರೆ ಅವರ ಮಟ್ಟಿಗೆ ಮನುಷ್ಯನೆಂದರೆ ಒಂದು ಗೋಣಿಚೀಲ, ಒಳಗೆ ಬರೀ ಗ್ಯಾಸು. ತಲೆನೋವು ಮೇಲೇರಿದ ಗ್ಯಾಸು, ಮಂಡಿನೋವು ಕೆಳಗಿಳಿದ ಗ್ಯಾಸು. ಊರಿಗೆ ಊರೇ ತಲೆದೂಗುತ್ತಿತ್ತು. ಕಲಿತವರಲ್ಲವೇ!

ಕೆಲವು ವರ್ಷಗಳ ಹಿಂದೆ ಅವರ ಮನೆಯ ಪೂಜೆಯ ದಿನ, ಪಾಯಸ ಬಡಿಸುತ್ತಿದ್ದ ಅತ್ತೆ ಸೌಟು ಕೆಳಗಿಟ್ಟು ನೆಲದಲ್ಲೇ ಕುಳಿತುಬಿಟ್ಟರು. ಮೈಯೆಲ್ಲ ಬೆವರು. ಎಡಗೈ ಎತ್ತಲಾಗುತ್ತಿರಲಿಲ್ಲ.

"ಗ್ಯಾಸ್. ಬೆಳಿಗ್ಗೆಯಿಂದ ಹೊಟ್ಟೆಗೆ ಎಂತದೂ ಹಾಕ್ಲಿಲ್ಲ ಅವಳು." ಎಲೆಯ ಮುಂದೆ ಕುಳಿತಲ್ಲಿಂದಲೇ ಮಾವನ ತೀರ್ಪು.

"ಮತ್ತೆ ಕೈ ಎಂತಕ್ಕೆ ನೋಯುದು?" ಎಂದೆ.

"ದಾರಿ ಸಿಗದೆ ಕೈಗೆ ಇಳಿದದ್ದು."

"ಹಾರ್ಟಾಗಿದ್ರೆ?"

"ಹೃದಯದ ಸ್ನಾಯು ದಣಿಯುದಿಲ್ಲ. ನಾನೇ ಕಲಿಸಿದ್ದಲ್ವಾ ನಿನಗೆ? ಮರೆತೆಯಾ?"

ಪಂಕ್ತಿಯಲ್ಲಿದ್ದವರು ನಕ್ಕರು. ಒಬ್ಬರು ಅತ್ತೆಗೆ ಓಮ ಕೊಡಲು ಹೇಳಿದರು, ಇನ್ನೊಬ್ಬರು ತಮಗೆ ಪಾಯಸ ಕೇಳಿದರು. ನಾನೂ ನನ್ನ ಎಲೆಯತ್ತ ತಿರುಗಿದೆ. ಕೊನೆಗೆ ಗೋಡೆ ಹಿಡಿದು ಎದ್ದದ್ದು ಅತ್ತೆಯೇ.

"ನಿಮ್ಮ ಪಾಠ ಆಮೇಲೆ ಮಾಡಿ. ಜೀಪು ಯಾರದ್ದುಂಟು?"

ಬದುಕಿದರು. ಹೃದಯದ ಸ್ನಾಯುವಿನ ಒಂದು ತುಂಡು ಸತ್ತಿದೆ, ಅದು ಇನ್ನು ಚಿಗುರುವುದಿಲ್ಲ ಎಂದರು ಡಾಕ್ಟರು. ಮಾವ ಗಂಭೀರವಾಗಿ ತಲೆಯಾಡಿಸಿ, ಹೊರಗೆ ಬಂದು ನೆಂಟರಿಗೆ ವಿವರಿಸಿದರು: "ಗ್ಯಾಸು ಹೋಗಿ ಹಾರ್ಟಿಗೆ ಒತ್ತಿದ್ದು."

ಈಗ ಪರದೆ ಸರಿಯಿತು.

"ಹೃದಯ ಚೆನ್ನಾಗುಂಟು ಮಾಷ್ಟ್ರೆ," ಎಂದರು ಡಾಕ್ಟರು. "ಇದು ಬರೀ ಗ್ಯಾಸ್."

ಮಾವನ ಮುಖ ಬಿಳಿಚಿತು. "ಅದು ಹೇಗೆ ಹೇಳ್ತೀರಿ? ಬೆವರು ನೋಡಿ! ಇನ್ನೊಮ್ಮೆ ತೆಗಿರಿ ಇಸಿಜಿ!"

ಈ ಗಳಿಗೆಗೆಂದು ನಾನು ವರ್ಷಗಟ್ಟಲೆ ಅವರದೇ ಪಾಠದ ಒಂದು ಮಾತು ಮಸೆದಿಟ್ಟಿದ್ದೆ. ಅದು ತುಟಿಗೆ ಬರುವಷ್ಟರಲ್ಲಿ ಅತ್ತೆ ಎದ್ದುಹೋಗಿ ಸೆರಗಿನಿಂದ ಅವರ ಹಣೆ ಒರೆಸಿದರು.

"ಇನ್ನೊಮ್ಮೆ ತೆಗಿರಿ ಡಾಕ್ಟ್ರೆ," ಎಂದರು. "ಆ ದಿನ ನನಗೂ ಹೀಗೇ ಹೆದರಿಕೆ ಆಗಿತ್ತು."

ಮಾವ ಕಣ್ಣು ಮುಚ್ಚಿಕೊಂಡರು. ನಾನು ಮಸೆದಿಟ್ಟ ಮಾತಿಗೆ ಇನ್ನು ಕೆಲಸವಿರಲಿಲ್ಲ.