ಎಡಗಿವಿಯ ಟ್ರೆಬಲ್

ನನ್ನ ಗಂಡ ಪಾಕೆಟ್ ಟೇಪ್ ರೆಕಾರ್ಡರ್ ತಂದ ದಿನ ನಾನು ಅವರ ಮೇಲೆ ರೇಗಿದ್ದೆ. ಎಂಬತ್ತರ ದಶಕದ ನಡುವಿನ ಮಾತು. ಅವರ ಆಫೀಸಿನವರೊಬ್ಬರ ಭಾವಮೈದುನ ದುಬೈನಿಂದ ತಂದದ್ದಂತೆ. ಜೊತೆಗೆ ತಲೆಗೆ ಸಿಕ್ಕಿಸಿಕೊಳ್ಳುವ ಇಯರ್‌ಫೋನ್, ಎರಡು ಕಡೆಯೂ ಕಿತ್ತಳೆ ಬಣ್ಣದ ಸ್ಪಂಜು. ಜೆ.ಪಿ. ನಗರದ ನಮ್ಮ ಸೈಟಿನಲ್ಲಿ ಗೋಡೆ ಎದ್ದು ಮೋಲ್ಡಿಂಗಿಗೆ ಕಾಯುತ್ತಿತ್ತು. ಇವರಿಗೆ ಸಂಗೀತದ ಶೋಕಿ.

"ದಿನಾ ಒಂದೇ ಕಿವೀಲಿ ಕೇಳ್ತೀಯಲ್ಲ, ಎರಡೂ ಕಿವೀಲಿ ಕೇಳು ಅಂತ ತಂದೆ," ಅಂದರು.

ಅದು ನಿಜ. ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಆಪರೇಟರ್. ಜಯನಗರದ ಬಾಡಿಗೆ ಮನೆಯಿಂದ ಬಸ್ಸು ಹಿಡಿದು ಹೋಗಿ, ಪಾಳಿ ಮುಗಿಯುವ ತನಕ ಹೆಡ್‌ಸೆಟ್ಟನ್ನು ಎಡಗಿವಿಗೆ ಒತ್ತಿಕೊಂಡು ಊರೂರಿಗೆ ಲೈನ್ ಕೊಡುವ ಕೆಲಸ. ಬಲಗಿವಿ ಸೂಪರ್‌ವೈಸರ್ ಮೇಡಂ ಬೈಗುಳಕ್ಕೆ ಮೀಸಲು. ಮದುವೆಗೆ ಮುಂಚಿನಿಂದಲೂ ಹೀಗೇ.

ಅವರು ಹಾಕಿದ್ದು ಭಜನೆಯ ಕ್ಯಾಸೆಟ್. ಮೃದಂಗ ಎರಡೂ ಕಿವಿಗೆ ಸಮನಾಗಿ ಬಂತು. ತಾಳ ಮಾತ್ರ ಬಲಗಡೆ ಝಲ್ಲೆಂದರೆ, ಎಡಗಡೆ ಕಂಬಳಿ ಹೊದ್ದುಕೊಂಡು ಬಾರಿಸಿದ ಹಾಗಿತ್ತು. ನನಗೆ ಒಳಗೊಳಗೇ ಖುಷಿಯಾಯಿತು.

"ನಿಮಗೆ ಚೆನ್ನಾಗಿ ಟೋಪಿ ಹಾಕಿದಾರೆ ಕಣ್ರೀ. ಎಡಗಡೇದು ಕೆಟ್ಟಿದೆ."

"ಟ್ರೆಬಲ್ ಕಮ್ಮಿ ಇರ್ಬೇಕು, ತಾಳು," ಎಂದು ಅವರು ಚುರುಕು ಸದ್ದನ್ನು ಏರಿಸುವ ನಾಬ್ ತಿರುಗಿಸಿದರು. ಬಲಗಿವಿಗೆ ಸೂಜಿ ಚುಚ್ಚಿದಂತಾಯಿತು. ಎಡಗಡೆಯ ಕಂಬಳಿ ಕದಲಲಿಲ್ಲ. ಆಮೇಲೆ ಅವರೇ ಹಾಕಿಕೊಂಡು ಕೇಳಿದರು. "ಎರಡೂ ಸರಿಯಾಗೇ ಇದೆಯಲ್ಲೇ."

"ಕೇಳೋದು ನನ್ನ ಕಸುಬು. ನಿಮಗೇನು ಗೊತ್ತು?" ಎಂದು ಕಿತ್ತುಕೊಂಡೆ. ಅವರ ಬಾಯಿ ಮುಚ್ಚಿಸಬೇಕೆಂದು ಇಯರ್‌ಫೋನನ್ನು ಹಿಂದುಮುಂದು ಮಾಡಿ ಹಾಕಿಕೊಂಡೆ. ಕೆಟ್ಟ ಸ್ಪಂಜು ಈಗ ಬಲಕ್ಕೆ ಬಂದಿತ್ತು. ಮಂಕೂ ಅದರ ಜೊತೆ ಬಲಕ್ಕೆ ಬರಬೇಕಿತ್ತು. ಬರಲಿಲ್ಲ. ಬಲಗಡೆ ತಾಳ ಅಷ್ಟೇ ಚುರುಕಾಗಿ ಝಲ್ಲೆನ್ನುತ್ತಿತ್ತು, ಎಡಗಡೆ ಅದೇ ಕಂಬಳಿ. ಮತ್ತೆ ತಿರುಗಿಸಿದೆ, ಮತ್ತೆ ತಿರುಗಿಸಿದೆ. ಕೊನೆಗೆ ಅವರೇ ನನ್ನ ಕೈ ಹಿಡಿದು, "ಸಾಕು ಬಿಡು," ಅಂದರು. ಅವರಿಗೂ ಅರ್ಥವಾಗಿತ್ತು.

ಇಷ್ಟು ವರ್ಷ ಗೊತ್ತಾಗದೆ ಹೋದದ್ದು ಹೇಗೆ ಎಂದು ಆಮೇಲೆ ಹೊಳೆಯಿತು. ಟ್ರಂಕ್ ಲೈನಿನಲ್ಲಿ ಟ್ರೆಬಲ್ ಎಂಬುದೇ ಇರುತ್ತಿರಲಿಲ್ಲ. ಎಸ್ ಅಂದರೂ ಎಫ್ ಅಂದರೂ ಒಂದೇ ತರಹ. ಅದಕ್ಕೇ ನಾವೆಲ್ಲ "ಎಸ್ ಫಾರ್ ಶುಗರಾ, ಎಫ್ ಫಾರ್ ಫಾದರಾ?" ಎಂದು ಕೂಗಿ ಕೇಳಿ ಬರೆದುಕೊಳ್ಳುತ್ತಿದ್ದೆವು. ಯಾರಿಗೂ ಕೇಳಿಸದ್ದು ನನಗೂ ಕೇಳಿಸುತ್ತಿಲ್ಲ ಎಂದುಕೊಂಡು ನಿಶ್ಚಿಂತೆಯಾಗಿದ್ದೆ.

ಫೋರ್ತ್ ಬ್ಲಾಕಿನ ಕಿವಿ ಡಾಕ್ಟರು ಪರೀಕ್ಷೆ ಮಾಡಿ, ಗ್ರಾಫಿನಲ್ಲಿ ಎಡಗಿವಿಯ ಗೆರೆ ಚುರುಕು ಸದ್ದಿನ ಕೊನೆಯಲ್ಲಿ ಕೆಳಗೆ ಬಿದ್ದದ್ದನ್ನು ತೋರಿಸಿದರು. ಹೆಡ್‌ಸೆಟ್ಟಿನಿಂದಲೇ ಎಂದು ಖಡಾಖಂಡಿತವಾಗಿ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. "ಹೋಗಿದ್ದು ವಾಪಸ್ ಬರಲ್ಲಮ್ಮ. ಮುಂದೆ ಆ ಕಿವೀಲಿ ಮಾತೂ ಸರಿಯಾಗಿ ಕೇಳಿಸದೆ ಹೋಗ್ಬಹುದು. ಬಲಗಿವಿಗೆ ಏನೂ ಆಗಿಲ್ಲ, ಅದನ್ನಾದ್ರೂ ಜೋಪಾನ ಮಾಡ್ಕೊಳ್ಳಿ."

ಅವರು ಹೇಳಿದ್ದೇ ಆಯಿತು. ಮುಂದಿನ ಮಳೆಗಾಲದ ಹೊತ್ತಿಗೆ ಲೈನಿನಲ್ಲಿ ನಂಬರುಗಳೇ ಕಲಸಿಹೋಗತೊಡಗಿದವು. ಕೇಳಿದ್ದನ್ನೇ ಕೇಳಿದರೆ ಜನ "ಕಿವಿ ಕೇಳ್ಸಲ್ವೇನಮ್ಮ?" ಎಂದು ಬೈಯುತ್ತಿದ್ದರು. ಹೌದು ಅನ್ನುವ ಹಾಗಿರಲಿಲ್ಲ. ಮೇಡಂಗೆ ಹೇಳಿದರೆ ಸ್ವಿಚ್‌ಬೋರ್ಡಿನಿಂದ ಎಬ್ಬಿಸುತ್ತಾರೆಂಬ ಭಯ. ನನ್ನ ಸಂಬಳ ನಿಂತರೆ ಮನೆ ಕಟ್ಟುವುದೂ ನಿಂತಂತೆ. ಗಂಡನೂ ಬಿಟ್ಟುಬಿಡು ಅನ್ನಲಿಲ್ಲ. ಅನ್ನಲಿ ಎಂದು ಎಷ್ಟು ಕಾದಿದ್ದೆನೋ.

ಒಂದು ಸೋಮವಾರ ಬೆಳಿಗ್ಗೆ ಹೆಡ್‌ಸೆಟ್ಟನ್ನು ತಿರುಗಿಸಿ ಬಲಗಿವಿಗೆ ಹಾಕಿಕೊಂಡೆ. ಪಕ್ಕದ ಸೀಟಿನವಳು ಯಾಕೆಂದು ಕೇಳಿದಳು. ಆ ಕಿವಿ ನೋಯುತ್ತೆ ಅಂದೆ. ಲೈನ್ ಎಷ್ಟು ಚೆನ್ನಾಗಿ ಕೇಳಿಸಿತೆಂದರೆ ನನಗೆ ಅಳು ಬಂತು. ಆ ಕಡೆಯವರು ನಂಬರ್ ಹೇಳುತ್ತಿದ್ದರು; ಒಂದೇ ಸಲಕ್ಕೆ ಬರೆದುಕೊಂಡೆ.