ಒಲೆ ಮಾವನ ಹೊಗೆಕೊಳವೆ

ನಮ್ಮ ಬೀದಿಯವರೆಲ್ಲ ಅವರನ್ನು ಒಲೆ ಮಾವ ಎಂದೇ ಕರೆಯುತ್ತಾರೆ. ಗ್ಯಾರೇಜಿನವರು ಚೆಲ್ಲುವ ಸುಟ್ಟ ಆಯಿಲನ್ನು ಕ್ಯಾನಿನಲ್ಲಿ ಹೊತ್ತು ತಂದು, ಅತ್ತೆಯ ಒಳ್ಳೆಯ ಟವೆಲ್ಲಿನಲ್ಲೇ ಸೋಸಿ, ಹಳೆಯ ಡ್ರಮ್ಮಿನೊಳಗೆ ಹನಿಹನಿಯಾಗಿ ಬಿಟ್ಟು, ಬ್ಲೋವರ್‌ನಿಂದ ಗಾಳಿ ಊದಿಸಿ, ಸೀಸ ಕರಗಿಸುವ ಕುಲುಮೆ ಮಾಡಿಕೊಂಡಿದ್ದರು. ಕರಗಿಸುತ್ತಿದ್ದದ್ದು ಬೊಗಸೆಯಷ್ಟು ಸೀಸ. ಕುಲುಮೆಯನ್ನು ಕಿತ್ತು ಕಟ್ಟಿದ್ದು ಮಾತ್ರ ಏಳು ಸಲ. ಪ್ರತಿ ಸಲವೂ ಹೊಗೆಕೊಳವೆ ಒಂದು ಮೊಳ ಉದ್ದವಾಗುತ್ತಿತ್ತು. "ಇನ್ನೆರಡು ಮೊಳ ಏರಿಸಿದ್ರೆ ಚಂದ್ರನಿಗೇ ಕೆಮ್ಮು ಬರುತ್ತೆ" ಎಂದು ಅತ್ತೆ ಗೊಣಗುವರು. ಯಾರಾದರೂ ಹತ್ತಿರ ಹೋದರೆ ಮಾವ ಸೌಟು ಬೀಸಿ ಓಡಿಸುವರು. ಕೆಲಸ ಮುಗಿದ ಮೇಲೆ ಆಪರೇಷನ್ನಿಗೆ ಹೊರಟ ಡಾಕ್ಟರರಂತೆ ಮೊಣಕೈವರೆಗೆ ಸೋಪು ಹಚ್ಚಿ ತಿಕ್ಕಿ ತೊಳೆಯುವರು. "ಇಷ್ಟು ಭಯ ಇದ್ರೆ ಈ ಉಸಾಬರಿ ಯಾಕೆ ಮಾವ?" ಎಂದು ಒಮ್ಮೆ ಕೇಳಿದೆ. "ನಮ್ಮಣ್ಣ ಬ್ಯಾಟರಿ ಶೆಡ್ಡಲ್ಲಿ ಹನ್ನೆರಡು ವರ್ಷ ಸೀಸ ಕರಗಿಸ್ದ ಕಣಪ್ಪ. ಆ ಹೊಗೆ ಕುಡಿದೂ ಕುಡಿದೂ ಕೊನೆಗೆ ಮಣಿಕಟ್ಟು ಜೋತುಬಿತ್ತು. ತುತ್ತು ಎತ್ತೋಕಾಗ್ತಿರ್ಲಿಲ್ಲ, ನಾನೇ ತಿನ್ನಿಸ್ತಿದ್ದೆ" ಎಂದರು. ಮೊನ್ನೆ ಹೊಗೆ ಎಲ್ಲೂ ಸೋರದೆ ನೆಟ್ಟಗೆ ಮೇಲೇರಿತು. ಮಾವ ಮುಖವೆತ್ತಿ ಬಹಳ ಹೊತ್ತು ನೋಡಿದರು. ಮರುದಿನ ಬೆಳಿಗ್ಗೆ ಕುಲುಮೆಯನ್ನು ಕೊಳವೆಯ ಸಮೇತ ಕೈಗಾಡಿಗೇರಿಸಿ, ಅಣ್ಣ ದುಡಿದ ಶೆಡ್ಡಿನ ಕೆಲಸಗಾರರಿಗೆ ಕೊಟ್ಟು ಬಂದರು.